ಹುಲ್ಲಿನ ಕಡಲಲ್ಲಿ ಊರು ಕಟ್ಟಿದವರು

ನಾರ್ವೆ ದೇಶದ ಸ್ಟವ್ಯಾಂಗರ್ ಬಂದರಿನಿಂದ 1825ರ ಜುಲೈ ಮೊದಲ ವಾರದಲ್ಲಿ ಒಂದು ಪುಟ್ಟ ಹಾಯಿಹಡಗು ಹೊರಟಿತು. 'ರೆಸ್ಟೊರೇಷನ್' ಎಂಬುದು ಅದರ ಹೆಸರು. ಉದ್ದ ಕೇವಲ 54 ಅಡಿ. ಅಂದರೆ ನಮ್ಮ ಒಂದೂವರೆ ಬಸ್ಸಿನಷ್ಟು. ಗಂಡಸರು, ಹೆಂಗಸರು, ಮಕ್ಕಳು, ನಾವಿಕರು ಎಲ್ಲ ಸೇರಿ ಅದರಲ್ಲಿ 52 ಮಂದಿ ಇದ್ದರು. ಹದಿನಾಲ್ಕು ವಾರ ಕಡಲಿನಲ್ಲಿ ಹೊಯ್ದಾಡಿ ಅಕ್ಟೋಬರ್ 9ರಂದು ನ್ಯೂಯಾರ್ಕ್ ತಲುಪಿದಾಗ ಹಡಗಿನಲ್ಲಿದ್ದವರು 53 ಮಂದಿ! ದಾರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತ್ತು.

ಅಷ್ಟು ಚಿಕ್ಕ ಹಡಗಿನಲ್ಲಿ ಅಷ್ಟು ಜನರನ್ನು ತುಂಬಿ ತಂದದ್ದು ಅಮೆರಿಕದ ಕಾನೂನಿಗೆ ವಿರುದ್ಧವಾಗಿತ್ತು. ಅಧಿಕಾರಿಗಳು ಹಡಗನ್ನು ಮುಟ್ಟುಗೋಲು ಹಾಕಿಕೊಂಡು ದಂಡ ವಿಧಿಸಿದರು. ಕೊನೆಗೆ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಅವರೇ ದಂಡವನ್ನು ಮನ್ನಾ ಮಾಡಬೇಕಾಯಿತು. ಹೀಗೆ ಆರಂಭವಾದ ವಲಸೆ ಮುಂದಿನ ನೂರು ವರ್ಷಗಳಲ್ಲಿ ಸುಮಾರು 8 ಲಕ್ಷ ನಾರ್ವೆಯವರನ್ನು ಉತ್ತರ ಅಮೆರಿಕಕ್ಕೆ ಕರೆದೊಯ್ದಿತು. ಜನಸಂಖ್ಯೆಗೆ ಹೋಲಿಸಿ ನೋಡಿದರೆ, ಯೂರೋಪಿನಲ್ಲಿ ಐರ್ಲೆಂಡನ್ನು ಬಿಟ್ಟರೆ ಇಷ್ಟು ಜನರನ್ನು ವಲಸೆಗೆ ಕಳೆದುಕೊಂಡ ದೇಶ ಇನ್ನೊಂದಿಲ್ಲ.

ಇವರಲ್ಲಿ ಬಹುಮಂದಿ ನೆಲೆಸಿದ್ದು ಅಮೆರಿಕದ ನಡುಭಾಗದ ವಿಶಾಲ ಹುಲ್ಲುಗಾವಲಿನಲ್ಲಿ. ಇದಕ್ಕೆ 'ಪ್ರೇರಿ' ಎಂದು ಹೆಸರು. ಇಂದಿನ ವಿಸ್ಕಾನ್ಸಿನ್, ಅಯೋವಾ, ಮಿನೆಸೋಟ, ಉತ್ತರ ಮತ್ತು ದಕ್ಷಿಣ ಡಕೋಟ ರಾಜ್ಯಗಳಲ್ಲಿ ಅವರ ಊರುಗಳು ಎದ್ದವು. ಅವರು ಮನೆ ಕಟ್ಟಿದರು, ಚರ್ಚು ಕಟ್ಟಿದರು, ಶಾಲೆ ಕಟ್ಟಿದರು. ಆ ಶಾಲೆ ಅವರ ಮಕ್ಕಳಿಗೆ ಏನನ್ನು ಕೊಟ್ಟಿತು, ಅದಕ್ಕೆ ಪ್ರತಿಯಾಗಿ ಏನನ್ನು ಕಿತ್ತುಕೊಂಡಿತು ಎಂಬುದು ವಿದ್ಯಾರ್ಥಿಗಳೂ ತಂದೆತಾಯಿಗಳೂ ತಿಳಿಯಬೇಕಾದ ಸಂಗತಿ.

ಹೊರಟಿದ್ದೇಕೆ?

ನಾರ್ವೆ ಎಂದರೆ ಬೆಟ್ಟ, ಕಾಡು, ಮತ್ತು ನೆಲದೊಳಕ್ಕೆ ಚಾಚಿಕೊಂಡ ಕಡಲಿನ ಕೈಗಳು. ಉಳುಮೆಗೆ ಯೋಗ್ಯವಾದ ಭೂಮಿ ಇಡೀ ದೇಶದಲ್ಲಿ ನೂರಕ್ಕೆ ಮೂರು ಪಾಲು ಮಾತ್ರ. 1801ರಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು 8 ಲಕ್ಷ 80 ಸಾವಿರ ಇತ್ತು. 1865ರ ವೇಳೆಗೆ ಅದು ಸುಮಾರು 17 ಲಕ್ಷಕ್ಕೆ ಏರಿತು. ಅರವತ್ತೈದು ವರ್ಷಗಳ ಒಳಗೆ ಹೆಚ್ಚುಕಡಿಮೆ ಎರಡರಷ್ಟು!

ಇದಕ್ಕೆ ಕಾರಣ ದುರ್ಭಿಕ್ಷವಲ್ಲ, ಸುಭಿಕ್ಷ ಎಂಬುದು ಸ್ವಾರಸ್ಯಕರ. 1814ರ ನಂತರ ಆ ದೇಶಕ್ಕೆ ಯುದ್ಧದ ಕಾಟ ತಪ್ಪಿತು. ಸಿಡುಬಿನ ಲಸಿಕೆಯನ್ನು 1810ರಲ್ಲಿಯೇ ಕಡ್ಡಾಯ ಮಾಡಲಾಗಿತ್ತು. ಇದರಿಂದ ಮಕ್ಕಳ ಸಾವು ಕಡಿಮೆಯಾಯಿತು. ಆಲೂಗಡ್ಡೆಯ ಬೇಸಾಯ ಹರಡಿ ಸಣ್ಣ ಹೊಲದಲ್ಲೂ ಹೆಚ್ಚು ಹೊಟ್ಟೆ ತುಂಬುವಂತಾಯಿತು. ಶಾಂತಿ, ಲಸಿಕೆ, ಆಲೂಗಡ್ಡೆ ಈ ಮೂರೂ ಸೇರಿ ಜನರನ್ನು ಉಳಿಸಿದವು. ಆದರೆ ಉಳಿದವರಿಗೆಲ್ಲ ನೆಲ ಎಲ್ಲಿಂದ ಬರಬೇಕು?

ಅಲ್ಲಿನ ಪದ್ಧತಿಯಂತೆ ಜಮೀನು ಸಾಮಾನ್ಯವಾಗಿ ಹಿರಿಯ ಮಗನಿಗೆ ಸೇರುತ್ತಿತ್ತು. ಕಿರಿಯರು ಬೇರೆಯವರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡು, ಅದಕ್ಕೆ ಪ್ರತಿಯಾಗಿ ಒಡೆಯನ ಹೊಲದಲ್ಲಿ ದುಡಿಯಬೇಕಿತ್ತು. ಇಂಥ ಒಕ್ಕಲುಗಳನ್ನು 'ಹುಸ್ಮನ್' ಎಂದು ಕರೆಯುತ್ತಿದ್ದರು. ಅಮೆರಿಕಕ್ಕೆ ಮೊದಲು ಹೋದವರು ಊರಿಗೆ ಬರೆದ ಕಾಗದಗಳು ಕೈಯಿಂದ ಕೈಗೆ, ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದವು. ಜನ ಸುತ್ತ ಕುಳಿತು ಓದಿಸಿ ಕೇಳುತ್ತಿದ್ದರು. ಒಬ್ಬನ ಕಾಗದ ಹತ್ತು ಮಂದಿಯನ್ನು ಹೊರಡಿಸುತ್ತಿತ್ತು. 1882ರ ಒಂದೇ ವರ್ಷದಲ್ಲಿ 28 ಸಾವಿರಕ್ಕೂ ಹೆಚ್ಚು ಮಂದಿ ನಾರ್ವೆಯನ್ನು ಬಿಟ್ಟರು.

160 ಎಕರೆಯ ಆಸೆ

ಅಧ್ಯಕ್ಷ ಅಬ್ರಹಾಂ ಲಿಂಕನ್ 1862ರ ಮೇ 20ರಂದು 'ಹೋಮ್‌ಸ್ಟೆಡ್' ಕಾಯ್ದೆಗೆ ಸಹಿ ಹಾಕಿದರು. 21 ವರ್ಷ ತುಂಬಿದ ಯಾರೇ ಆಗಲಿ ಅಲ್ಪ ಶುಲ್ಕ ಕಟ್ಟಿ 160 ಎಕರೆ ಸರ್ಕಾರಿ ಭೂಮಿಯನ್ನು ಗುರುತು ಹಾಕಿಸಿಕೊಳ್ಳಬಹುದಿತ್ತು. ಐದು ವರ್ಷ ಅಲ್ಲೇ ವಾಸವಿದ್ದು, ಉತ್ತು ಬಿತ್ತಿದರೆ ಭೂಮಿ ಅವರದೇ. ಅಮೆರಿಕದ ಪ್ರಜೆಯಾಗುವ ಇಚ್ಛೆ ತಿಳಿಸಿದ ಪರದೇಶದವರಿಗೂ, ಮದುವೆಯಾಗದ ಹೆಣ್ಣುಮಕ್ಕಳಿಗೂ ಈ ಹಕ್ಕು ಇತ್ತು. ಊರಿನಲ್ಲಿ ಒಂದೆರಡು ಎಕರೆಯನ್ನೂ ತನ್ನದೆನ್ನಲಾಗದ ಹುಸ್ಮನ್‌ಗೆ 160 ಎಕರೆ ಎಂದರೆ ಕನಸಿನ ಮಾತೇ ಸರಿ.

ಆದರೆ ಆ ನೆಲ ಯಾರಿಗೂ ಸೇರದ ಪಾಳುಭೂಮಿಯಾಗಿರಲಿಲ್ಲ. ಡಕೋಟ ಮೊದಲಾದ ಮೂಲನಿವಾಸಿ ಜನಾಂಗಗಳ ನೆಲ ಅದು. ಒಪ್ಪಂದಗಳ ಮೂಲಕ ಅವರನ್ನು ಕಿರಿದಾದ ಪಟ್ಟಿಯೊಳಕ್ಕೆ ತಳ್ಳಲಾಗಿತ್ತು. ಕೊಡಬೇಕಾದ ಹಣ, ಧಾನ್ಯ ಸಕಾಲಕ್ಕೆ ಬರಲಿಲ್ಲ. ಹಸಿವಿನಿಂದ ಕಂಗೆಟ್ಟ ಡಕೋಟ ಜನ ಅದೇ 1862ರ ಆಗಸ್ಟ್‌ನಲ್ಲಿ ಮಿನೆಸೋಟದಲ್ಲಿ ದಂಗೆ ಎದ್ದರು. ನೂರಾರು ವಲಸೆಗಾರರು ಸತ್ತರು, ನಾರ್ವೆಯವರೂ ಅವರಲ್ಲಿದ್ದರು. ಡಿಸೆಂಬರ್ 26ರಂದು ಮ್ಯಾಂಕೇಟೊ ಎಂಬಲ್ಲಿ 38 ಮಂದಿ ಡಕೋಟ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಮರುವರ್ಷ ಡಕೋಟ ಜನರನ್ನು ಆ ರಾಜ್ಯದಿಂದಲೇ ಹೊರಗಟ್ಟಲಾಯಿತು. ಬಡ ರೈತನೊಬ್ಬನಿಗೆ ಸಿಕ್ಕ ನೆಲ ಇನ್ನೊಬ್ಬ ಬಡವನಿಂದ ಕಿತ್ತುಕೊಂಡ ನೆಲವಾಗಿತ್ತು ಎಂಬುದನ್ನು ಮರೆತು ಈ ಚರಿತ್ರೆಯನ್ನು ಹೇಳುವುದು ಸರಿಯಲ್ಲ.

ಮರವಿಲ್ಲದ ಬಯಲು

ಬೆಟ್ಟ, ಕಡಲು, ಕಾಡುಗಳ ನಡುವೆ ಬೆಳೆದವರಿಗೆ ಪ್ರೇರಿ ಬೇರೊಂದು ಲೋಕದಂತೆ ಕಂಡಿತು. ಕಣ್ಣು ಹರಿದಷ್ಟು ದೂರ ಹುಲ್ಲು, ಅದರ ಮೇಲೆ ಆಕಾಶ. ಕೆಲವು ಕಡೆ ಆಳೆತ್ತರದ ಹುಲ್ಲು. ಗಾಳಿ ಬೀಸಿದರೆ ಅಲೆ ಎದ್ದಂತೆ ಕಾಣುತ್ತಿತ್ತು.

ಇವರಲ್ಲಿ ಅನೇಕರು ನೆಲೆಸಿದ ರೆಡ್ ನದಿಯ ಕಣಿವೆಯಂತೂ ಮೇಜಿನಂತೆ ಮಟ್ಟಸ. ಇದಕ್ಕೆ ಕಾರಣವಿದೆ. ಹಿಮಯುಗದ ಕೊನೆಯಲ್ಲಿ ಕರಗಿದ ಹಿಮದ ನೀರು ಇಲ್ಲಿ ನಿಂತು ದೊಡ್ಡ ಸರೋವರವಾಗಿತ್ತು. ಭೂವಿಜ್ಞಾನಿಗಳು ಇದಕ್ಕೆ ಅಗಾಸಿ ಸರೋವರ ಎಂದು ಹೆಸರಿಟ್ಟಿದ್ದಾರೆ. ನೀರು ಹರಿದುಹೋದ ಮೇಲೆ ಉಳಿದ ತಳವೇ ಈ ಕಣಿವೆ. ಅದರ ಮೇಲೆ ಸಾವಿರಾರು ವರ್ಷ ಹುಲ್ಲು ಬೆಳೆದು, ಕೊಳೆತು, ಕಪ್ಪು ಮಣ್ಣಾಯಿತು. ಹುಲ್ಲಿನ ಬೇರುಗಳು ಹಲವು ಅಡಿ ಆಳಕ್ಕೆ ಹೆಣೆದುಕೊಂಡಿದ್ದವು. ಇದನ್ನು ಸೀಳಲು ಮರದ ಅಥವಾ ಎರಕದ ಕಬ್ಬಿಣದ ನೇಗಿಲು ಸಾಲುತ್ತಿರಲಿಲ್ಲ, ಅಂಟುಮಣ್ಣು ಮೆತ್ತಿಕೊಳ್ಳುತ್ತಿತ್ತು. ಜಾನ್ ಡಿಯರ್ ಎಂಬ ಕಮ್ಮಾರ 1837ರಲ್ಲಿ ರೂಪಿಸಿದ ನುಣುಪಾದ ಉಕ್ಕಿನ ನೇಗಿಲಿನಿಂದ ಈ ಕೆಲಸ ಸಾಧ್ಯವಾಯಿತು.

ಮನೆ ಕಟ್ಟಲು ಮರವಿಲ್ಲ, ಕಲ್ಲಿಲ್ಲ. ಹಾಗಾಗಿ ನೆಲವನ್ನೇ ಕೊಯ್ದು ಗೋಡೆ ಎಬ್ಬಿಸಿದರು. ಬೇರು ಹೆಣೆದುಕೊಂಡ ಮೇಲ್ಮಣ್ಣನ್ನು ನೇಗಿಲಿನಿಂದ ಪಟ್ಟಿಗಳಾಗಿ ಸೀಳಿ, ತುಂಡು ಮಾಡಿ, ಹುಲ್ಲಿನ ಮುಖ ಕೆಳಗಾಗುವಂತೆ ಇಟ್ಟಿಗೆಯ ಹಾಗೆ ಜೋಡಿಸುತ್ತಿದ್ದರು. ಗೋಡೆಯ ದಪ್ಪ ಎರಡು ಮೂರು ಅಡಿ. ಮಣ್ಣು ಉಷ್ಣದ ಮಂದವಾಹಕವಾದ್ದರಿಂದ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಜೋರು ಮಳೆ ಬಂದರೆ ಚಾವಣಿಯಿಂದ ಕೆಸರುನೀರು ತೊಟ್ಟಿಕ್ಕುತ್ತಿತ್ತು. ಹಾವು, ಇಲಿಗಳ ಕಾಟವೂ ಇತ್ತು. ಒಲೆಗೆ ಸೌದೆ ಇಲ್ಲದೆ ಹುಲ್ಲನ್ನು ಹುರಿಮಾಡಿ ಉರಿಸುತ್ತಿದ್ದರು, ಒಣಗಿದ ಸಗಣಿಯನ್ನು ಆರಿಸಿ ತರುತ್ತಿದ್ದರು.

ಚಳಿಯ ವಿಷಯದಲ್ಲಿ ಒಂದು ಪ್ರಶ್ನೆ ಏಳಬಹುದು. ನಾರ್ವೆ ಇನ್ನೂ ಉತ್ತರಕ್ಕಿರುವ ದೇಶವಲ್ಲವೇ? ಅಲ್ಲಿಂದ ಬಂದವರಿಗೆ ಪ್ರೇರಿಯ ಚಳಿ ಯಾವ ಲೆಕ್ಕ? ನಾರ್ವೆಯ ಬರ್ಗನ್ ನಗರ 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರ ಡಕೋಟದ ಫಾರ್ಗೊ ಇರುವುದು 47 ಡಿಗ್ರಿಯಲ್ಲಿ. ಆದರೂ ಜನವರಿಯಲ್ಲಿ ಬರ್ಗನ್‌ನ ಸರಾಸರಿ ಉಷ್ಣತೆ ಸೊನ್ನೆಗಿಂತ ಮೇಲೆಯೇ ಇರುತ್ತದೆ; ಫಾರ್ಗೊದಲ್ಲಿ ಅದು ಸೊನ್ನೆಗಿಂತ ಹತ್ತು ಡಿಗ್ರಿಗೂ ಹೆಚ್ಚು ಕೆಳಕ್ಕೆ ಇಳಿಯುತ್ತದೆ. ನೀರಿನ ವಿಶಿಷ್ಟೋಷ್ಣ ಹೆಚ್ಚು ಎಂದು ಪ್ರೌಢಶಾಲೆಯಲ್ಲಿ ಓದುತ್ತೇವಲ್ಲ, ಅದರ ಪರಿಣಾಮವೇ ಇದು. ನಾರ್ವೆಯ ಕರಾವಳಿಯನ್ನು ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಕಾಯುತ್ತದೆ. ಕಡಲಿನಿಂದ ಸಾವಿರಾರು ಕಿಲೋಮೀಟರ್ ದೂರದ ಪ್ರೇರಿಗೆ ಆ ರಕ್ಷಣೆ ಇಲ್ಲ. 1936ರಲ್ಲಿ ಉತ್ತರ ಡಕೋಟದಲ್ಲಿ ಫೆಬ್ರವರಿಯ ಒಂದು ದಿನ ಉಷ್ಣತೆ ಸೊನ್ನೆಗಿಂತ ಕೆಳಗೆ 51 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಅದೇ ವರ್ಷ ಜುಲೈನಲ್ಲಿ 49 ಡಿಗ್ರಿಗೆ ಏರಿತು. ಒಂದೇ ರಾಜ್ಯ, ಒಂದೇ ವರ್ಷ. ನೀರು ಹೆಪ್ಪುಗಟ್ಟುವ ಬಿಂದುವಿಗೂ ಕುದಿಯುವ ಬಿಂದುವಿಗೂ ಇರುವಷ್ಟು ಅಂತರ!

ಮಿಡತೆ ಮತ್ತು ಹಿಮಗಾಳಿ

1873ರಿಂದ 1877ರವರೆಗೆ ಮಿಡತೆಗಳ ದಂಡು ಪ್ರೇರಿಯ ಮೇಲೆ ಎರಗಿತು. ದೂರದಿಂದ ಮೋಡ ಕವಿದಂತೆ ಕಾಣುತ್ತಿದ್ದ ಹಿಂಡು ಇಳಿದರೆ, ಗೋಧಿಯ ಹೊಲ ಕೆಲವು ಗಂಟೆಗಳಲ್ಲಿ ಬೋಳಾಗುತ್ತಿತ್ತು. ರೈತರು ತಗಡಿನ ಹಾಳೆಗಳಿಗೆ ಡಾಂಬರು ಬಳಿದು ಹೊಲದಲ್ಲಿ ಎಳೆದು ಮಿಡತೆ ಹಿಡಿದರು. ಮಿನೆಸೋಟದ ಗವರ್ನರ್ 1877ರ ಏಪ್ರಿಲ್ 26ನ್ನು ಪ್ರಾರ್ಥನೆಯ ದಿನವೆಂದು ಸಾರಿದರು. ವಿಚಿತ್ರವೆಂದರೆ, ಕೋಟ್ಯನುಕೋಟಿ ಸಂಖ್ಯೆಯಲ್ಲಿದ್ದ ಈ ರಾಕಿ ಪರ್ವತದ ಮಿಡತೆ ಇಂದು ಭೂಮಿಯ ಮೇಲೆ ಒಂದೂ ಇಲ್ಲ. ಜೀವಂತವಾಗಿ ಅದನ್ನು ಕೊನೆಯ ಬಾರಿ ಹಿಡಿದದ್ದು 1902ರಲ್ಲಿ. ಅದು ಮೊಟ್ಟೆಯಿಡುತ್ತಿದ್ದ ಪರ್ವತದ ನದೀಕಣಿವೆಗಳನ್ನು ರೈತರು ಉತ್ತು ನೀರು ಹಾಯಿಸಿದ್ದೇ ಅದರ ಅಳಿವಿಗೆ ಕಾರಣವಿರಬೇಕೆಂದು ವಿಜ್ಞಾನಿಗಳು ಊಹಿಸುತ್ತಾರೆ.

ಅದಕ್ಕಿಂತ ಕ್ರೂರವಾದದ್ದು 1888ರ ಜನವರಿ 12ರ ಹಿಮಗಾಳಿ. ಆ ಬೆಳಿಗ್ಗೆ ಚಳಿ ತಗ್ಗಿ ಹಿತವಾಗಿತ್ತು. ಮಕ್ಕಳು ದಪ್ಪ ಕೋಟು ಬಿಟ್ಟು ಶಾಲೆಗೆ ಹೊರಟರು. ಇದ್ದಕ್ಕಿದ್ದಂತೆ ವಾಯವ್ಯದಿಂದ ಗೋಡೆಯಂತೆ ಬಿರುಗಾಳಿ ನುಗ್ಗಿತು. ಹಿಟ್ಟಿನಂಥ ನುಣ್ಣನೆಯ ಹಿಮ ಕಣ್ಣು ಮೂಗುಗಳಿಗೆ ತುಂಬಿ, ಚಾಚಿದ ಕೈಯೂ ಕಾಣದಂತಾಯಿತು. ಶಾಲೆಗಳಲ್ಲಿ ಇದ್ದದ್ದು ಒಬ್ಬೊಬ್ಬರೇ ಉಪಾಧ್ಯಾಯರು. ಎಷ್ಟೋ ಕಡೆ ಹದಿನೆಂಟು ತುಂಬದ ಹುಡುಗಿಯರು. ಮಕ್ಕಳನ್ನು ಮನೆಗೆ ಕಳಿಸಬೇಕೆ, ಸೌದೆ ಮುಗಿಯುತ್ತಿರುವ ಕೋಣೆಯಲ್ಲೇ ಇಟ್ಟುಕೊಳ್ಳಬೇಕೆ? ನಿರ್ಧರಿಸಲು ಇದ್ದದ್ದು ಕೆಲವೇ ನಿಮಿಷ. ನೆಬ್ರಾಸ್ಕದಲ್ಲಿ ಮಿನ್ನಿ ಫ್ರೀಮನ್ ಎಂಬ ಉಪಾಧ್ಯಾಯಿನಿ, ಶಾಲೆಯ ಚಾವಣಿ ಹಾರಿಹೋದಾಗ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಹತ್ತಿರದ ರೈತನ ಮನೆಗೆ ಮುಟ್ಟಿಸಿ ಉಳಿಸಿದರು. ಬೇರೆ ಅನೇಕ ಕಡೆ ಮಕ್ಕಳು ಮನೆಯ ಬಾಗಿಲಿಗೆ ಕೂಗಳತೆಯಲ್ಲೇ ದಾರಿ ತಪ್ಪಿ ಹೆಪ್ಪುಗಟ್ಟಿ ಸತ್ತರು. ಒಟ್ಟು 235 ಮಂದಿ ಸತ್ತರೆಂದು ಅಂದಾಜು. ಚರಿತ್ರೆಯಲ್ಲಿ ಇದಕ್ಕೆ 'ಮಕ್ಕಳ ಹಿಮಗಾಳಿ' ಎಂದೇ ಹೆಸರು.

ರೈಲಿನ ಬೆನ್ನಿಗೆ ಬಂದ ಪೇಟೆ

ರೈಲುಹಳಿ ಬಂದ ಮೇಲೆ ಪೇಟೆಗಳು ಹುಟ್ಟಿದವು. ಹಳಿಯ ಉದ್ದಕ್ಕೂ ಆರರಿಂದ ಹತ್ತು ಮೈಲಿಗೊಂದು ನಿಲ್ದಾಣ. ರೈತ ಬೆಳಿಗ್ಗೆ ಕುದುರೆಗಾಡಿಯಲ್ಲಿ ಗೋಧಿ ಹೇರಿಕೊಂಡು ಬಂದು, ಮಾರಿ, ಸಂಜೆಗೆ ಮನೆ ಸೇರಲು ಅನುಕೂಲವಾಗುವ ದೂರ ಅದು. ಹಳಿಯ ಪಕ್ಕದಲ್ಲಿ ಧಾನ್ಯ ತುಂಬುವ ಎತ್ತರದ ಕಣಜ, ಒಂದು ಮುಖ್ಯ ಬೀದಿ, ದಿನಸಿಯಿಂದ ಮೊಳೆಯವರೆಗೆ ಎಲ್ಲ ಸಿಗುವ ಒಂದು ಅಂಗಡಿ, ಬ್ಯಾಂಕು, ಕಮ್ಮಾರಸಾಲೆ, ಚರ್ಚು, ಶಾಲೆ. ಇದಿಷ್ಟೇ ಊರು.

ಊರಿನ ಜೀವನವೆಲ್ಲ ಲೂಥರನ್ ಚರ್ಚಿನ ಸುತ್ತ ನಡೆಯುತ್ತಿತ್ತು. ಹೆಂಗಸರ ಸಂಘ ಕಸೂತಿ ಮಾಡಿ, ಊಟ ಬಡಿಸಿ ಹಣ ಕೂಡಿಸುತ್ತಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ಸಹಭೋಜನದಲ್ಲಿ ಎರಡು ತಿನಿಸು ಇರಲೇಬೇಕು. ಒಂದು 'ಲೆಫ್ಸ', ಅಂದರೆ ಬೇಯಿಸಿದ ಆಲೂಗಡ್ಡೆ ಮತ್ತು ಹಿಟ್ಟನ್ನು ಕಲಸಿ ಲಟ್ಟಿಸಿ ಕಾವಲಿಯ ಮೇಲೆ ಸುಟ್ಟ ತೆಳುವಾದ ರೊಟ್ಟಿ. ಇನ್ನೊಂದು 'ಲೂಟಫಿಸ್ಕ್'. ಒಣಗಿಸಿದ ಮೀನನ್ನು ನೀರಿನಲ್ಲಿ ನೆನೆಸಿ, ಬಳಿಕ ಕ್ಷಾರದ್ರಾವಣದಲ್ಲಿ ಮುಳುಗಿಸಿಟ್ಟು, ಆಮೇಲೆ ಹಲವು ದಿನ ನೀರು ಬದಲಿಸಿ ಕ್ಷಾರವನ್ನು ತೆಗೆಯುತ್ತಾರೆ. ಕ್ಷಾರವು ಮೀನಿನ ಪ್ರೋಟೀನನ್ನು ಸಡಿಲಗೊಳಿಸುವುದರಿಂದ ಕಟ್ಟಿಗೆಯಂತಿದ್ದ ಮೀನು ಉಬ್ಬಿ ಲೋಳೆಯಂತಾಗುತ್ತದೆ. ವಾಸನೆ ಸಹಿಸಿದವರು ಮೆಚ್ಚಿ ತಿನ್ನುತ್ತಾರಂತೆ!

ಕಷ್ಟಕ್ಕೆ ಒಬ್ಬರಿಗೊಬ್ಬರು ಆಗುವುದು ಅಲ್ಲಿ ನೀತಿಯಷ್ಟೇ ಅಲ್ಲ, ಬದುಕುವ ಉಪಾಯವೂ ಆಗಿತ್ತು. ಕಾಯಿಲೆ, ಸಾವುಗಳಲ್ಲಿ ನೆರವಾಗಲು 1895ರಲ್ಲಿ ಮಿನಿಯಾಪೊಲಿಸ್‌ನಲ್ಲಿ 'ಸನ್ಸ್ ಆಫ್ ನಾರ್ವೆ' ಸಂಘ ಹುಟ್ಟಿತು. ತೂಕದಲ್ಲೂ ದರದಲ್ಲೂ ವರ್ತಕರು ಮೋಸ ಮಾಡುತ್ತಾರೆಂದು ಬೇಸತ್ತ ಉತ್ತರ ಡಕೋಟದ ರೈತರು 1915ರಲ್ಲಿ ಸಂಘಟಿತರಾದರು. ನಾರ್ವೆ ಮೂಲದವರು ಈ ಚಳವಳಿಯ ದೊಡ್ಡ ಬಲ. ಇದರ ಫಲವಾಗಿ 1919ರಲ್ಲಿ ರಾಜ್ಯವೇ ಒಂದು ಬ್ಯಾಂಕನ್ನೂ, 1922ರಲ್ಲಿ ಹಿಟ್ಟಿನ ಗಿರಣಿಯನ್ನೂ ತೆರೆಯಿತು. ಇವೆರಡೂ ಇಂದಿಗೂ ರಾಜ್ಯದ ಒಡೆತನದಲ್ಲೇ ನಡೆಯುತ್ತಿವೆ.

ಒಂದೇ ಕೋಣೆಯ ಶಾಲೆ

ಮಣ್ಣಿನ ಮನೆಯಲ್ಲಿ ವಾಸವಿದ್ದಾಗಲೇ ಇವರು ಶಾಲೆಯ ಚಿಂತೆ ಮಾಡಿದರು. ಒಂದು ಕೋಣೆ, ನಡುವೆ ಒಲೆ, ಒಬ್ಬರೇ ಉಪಾಧ್ಯಾಯರು, ಎಂಟು ತರಗತಿಗಳು. ಉನ್ನತ ಶಿಕ್ಷಣಕ್ಕೂ ಬೇಗನೆ ಕೈಹಾಕಿದರು. 1861ರಲ್ಲಿ ಲೂಥರ್ ಕಾಲೇಜು, 1874ರಲ್ಲಿ ಮಿನೆಸೋಟದ ನಾರ್ತ್‌ಫೀಲ್ಡ್‌ನಲ್ಲಿ ಸೇಂಟ್ ಓಲಾಫ್ ಕಾಲೇಜಾದ ಶಾಲೆ, 1891ರಲ್ಲಿ ಮೂರ್‌ಹೆಡ್‌ನಲ್ಲಿ ಕಾಂಕಾರ್ಡಿಯ ಕಾಲೇಜು ಸ್ಥಾಪನೆಯಾದವು.

ಇದರ ಫಲ ನೋಡಲು ದಕ್ಷಿಣ ಡಕೋಟದ ಕ್ಯಾಂಟನ್ ಎಂಬ ಒಂದು ಊರು ಸಾಕು. ಇಂದಿಗೂ ಅಲ್ಲಿನ ಜನಸಂಖ್ಯೆ ಮೂರು ಸಾವಿರದಷ್ಟು ಮಾತ್ರ. ಅಲ್ಲಿ 1901ರಲ್ಲಿ ಎರಡು ಗಂಡುಮಕ್ಕಳು ಹುಟ್ಟಿದರು. ಇಬ್ಬರದೂ ನಾರ್ವೆ ಮೂಲದ ಮನೆತನ, ಇಬ್ಬರ ತಂದೆಯರೂ ಶಿಕ್ಷಣ ಕ್ಷೇತ್ರದವರು. ಅಕ್ಕಪಕ್ಕದ ಈ ಗೆಳೆಯರು ಸೇರಿ ರೇಡಿಯೋ ಯಂತ್ರ ಕಟ್ಟಿ ಆಡಿದರು. ಒಬ್ಬರು ಅರ್ನೆಸ್ಟ್ ಲಾರೆನ್ಸ್: ಪರಮಾಣು ಕಣಗಳಿಗೆ ವೇಗ ಕೊಡುವ ಸೈಕ್ಲೊಟ್ರಾನನ್ನು ರೂಪಿಸಿ 1939ರ ನೊಬೆಲ್ ಪ್ರಶಸ್ತಿ ಪಡೆದವರು. 103ನೆಯ ಧಾತು ಲಾರೆನ್ಸಿಯಮ್‌ಗೆ ಅವರದೇ ಹೆಸರು. ಇನ್ನೊಬ್ಬರು ಮರ್ಲ್ ಟ್ಯೂವ್: 1925ರಲ್ಲಿ ಗ್ರೆಗರಿ ಬ್ರೀಟ್ ಜೊತೆಗೂಡಿ ರೇಡಿಯೋ ಸ್ಪಂದನಗಳಿಂದ ಅಯಾನುಗೋಳದ ಎತ್ತರವನ್ನು ಅಳೆದವರು.

ನಮ್ಮ ಅನ್ನಕ್ಕೇ ಸಂಬಂಧಿಸಿದ ಇನ್ನೊಬ್ಬರಿದ್ದಾರೆ. 1854ರಲ್ಲಿ ನಾರ್ವೆಯ ಫಿಯೋಸ್ ಎಂಬ ಹಳ್ಳಿ ಬಿಟ್ಟು ಬಂದ ಕುಟುಂಬವೊಂದು ಕೊನೆಗೆ ಅಯೋವಾದ ಸೌಡೆ ಎಂಬ ನಾರ್ವೆಯವರ ಹಳ್ಳಿಯಲ್ಲಿ ನೆಲೆಯೂರಿತು. ಅದರ ನಾಲ್ಕನೆಯ ತಲೆಮಾರಿನಲ್ಲಿ, 1914ರಲ್ಲಿ ಹುಟ್ಟಿದವರೇ ನಾರ್ಮನ್ ಬೋರ್ಲಾಗ್. ಎಂಟನೆಯ ತರಗತಿಯವರೆಗೆ ಒಂದೇ ಕೋಣೆಯ ಶಾಲೆಯಲ್ಲಿ ಓದುತ್ತ, ಹೊಲದಲ್ಲಿ ದುಡಿಯುತ್ತ ಬೆಳೆದರು. ಓದು ಬಿಡಬಾರದೆಂದು ತಾತ ನೆಲ್ಸ್ ಒತ್ತಾಯಿಸುತ್ತಿದ್ದರು. 1933ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅವರು ನಪಾಸಾದರು! ಹಿಂದುಳಿದವರಿಗೆಂದು ಅಲ್ಲಿ ಹೊಸದಾಗಿ ತೆರೆದಿದ್ದ ಕಾಲೇಜಿಗೆ ಸೇರಿ ಮುಂದೆ ಬಂದರು. ಅದೇ ವಿಶ್ವವಿದ್ಯಾಲಯದಲ್ಲಿ ಗೋಧಿಯ ತುಕ್ಕುರೋಗದ ತಜ್ಞ ಎಲ್ವಿನ್ ಸ್ಟ್ಯಾಕ್‌ಮನ್ ಅವರ ಉಪನ್ಯಾಸ ಕೇಳಿ ಸಸ್ಯರೋಗ ವಿಜ್ಞಾನದತ್ತ ತಿರುಗಿದರು. ಮೆಕ್ಸಿಕೋದಲ್ಲಿ ಅವರು ಬೆಳೆಸಿದ ಗಿಡ್ಡ ಗೋಧಿ 1963ರ ನಂತರ ಎಂ. ಎಸ್. ಸ್ವಾಮಿನಾಥನ್ ಮೊದಲಾದವರ ಪ್ರಯತ್ನದಿಂದ ಭಾರತದ ಹೊಲಗಳಿಗೆ ಬಂತು. 1966ರಲ್ಲಿ 18 ಸಾವಿರ ಟನ್ ಬೀಜವನ್ನು ತರಿಸಲಾಯಿತು. 1965ರಲ್ಲಿ ಸುಮಾರು 1 ಕೋಟಿ 20 ಲಕ್ಷ ಟನ್ ಇದ್ದ ನಮ್ಮ ಗೋಧಿ ಬೆಳೆ 1970ಕ್ಕೆ 2 ಕೋಟಿ ಟನ್ ಮುಟ್ಟಿತು. ಅದೇ ವರ್ಷ ಬೋರ್ಲಾಗ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಮರೆಯಾದ ಮಾತು

ಇಷ್ಟೆಲ್ಲ ಕೊಟ್ಟ ಶಾಲೆ ಕಿತ್ತುಕೊಂಡದ್ದು ಏನು? ಭಾಷೆಯನ್ನು. ಶಾಲೆಯಲ್ಲಿ ಇಂಗ್ಲಿಷ್, ಮನೆ ಮತ್ತು ಚರ್ಚಿನಲ್ಲಿ ನಾರ್ವೇಜಿಯನ್ ಎಂಬ ಏರ್ಪಾಡು ಒಂದೆರಡು ತಲೆಮಾರು ನಡೆಯಿತು. ಅಯೋವಾದ ಡೆಕೋರ ಎಂಬ ಪಟ್ಟಣದಿಂದ 1874ರಲ್ಲಿ ಆರಂಭವಾದ 'ಡೆಕೋರ ಪೋಸ್ಟನ್' ಪತ್ರಿಕೆಯ ಪ್ರಸಾರ ಒಂದು ಕಾಲಕ್ಕೆ ನಲವತ್ತು ಸಾವಿರ ದಾಟಿತ್ತು. ಪೀಟರ್ ರೊಸೆಂಡಾಲ್ ಎಂಬ ರೈತ 1918ರಿಂದ ಅದರಲ್ಲಿ ಬರೆಯುತ್ತಿದ್ದ ವ್ಯಂಗ್ಯಚಿತ್ರಮಾಲೆಯನ್ನು ಮನೆಮಂದಿಯೆಲ್ಲ ಓದುತ್ತಿದ್ದರು.

ಮೊದಲನೆಯ ಮಹಾಯುದ್ಧ ಗಾಳಿಯನ್ನು ಬದಲಿಸಿತು. ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ 1918ರ ಮೇ 23ರಂದು ಒಂದು ಆಜ್ಞೆ ಹೊರಡಿಸಿದರು. ಶಾಲೆ, ಚರ್ಚು, ಸಾರ್ವಜನಿಕ ಸ್ಥಳ, ಕೊನೆಗೆ ದೂರವಾಣಿಯಲ್ಲೂ ಇಂಗ್ಲಿಷ್ ಹೊರತು ಬೇರೆ ಭಾಷೆ ಆಡಕೂಡದು! ಜರ್ಮನ್ನರ ಮೇಲಿನ ಸಿಟ್ಟಿಗೆ ನಾರ್ವೆಯ ಅಜ್ಜಿಯರೂ ಬಾಯಿ ಮುಚ್ಚಬೇಕಾಯಿತು. ಆ ಆಜ್ಞೆ ಡಿಸೆಂಬರ್‌ನಲ್ಲಿ ರದ್ದಾಯಿತು. ಆದರೆ ಪರಭಾಷೆ ಎಂದರೆ ನಾಚಿಕೆಪಡಬೇಕಾದದ್ದು ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಉಳಿಯಿತು. ಮಕ್ಕಳ ಏಳಿಗೆಗೆ ಅಡ್ಡಿಯಾಗಬಾರದೆಂದು ಎಷ್ಟೋ ತಂದೆತಾಯಿಗಳೂ ಮನೆಯಲ್ಲಿ ಇಂಗ್ಲಿಷಿಗೆ ತಿರುಗಿದರು.

ಇದನ್ನು ಎಲ್ಲರಿಗಿಂತ ಹೆಚ್ಚಾಗಿ ನೊಂದು ಕಂಡವರು ಓಲೆ ಎಡ್ವರ್ಟ್ ರೋಲ್ವಾಗ್. ನಾರ್ವೆಯ ದ್ವೀಪವೊಂದರಲ್ಲಿ ಬೆಸ್ತರ ಮನೆಯಲ್ಲಿ ಹುಟ್ಟಿ, 1896ರಲ್ಲಿ ದಕ್ಷಿಣ ಡಕೋಟಕ್ಕೆ ಬಂದು ಕೂಲಿ ಮಾಡಿದರು. ಇಪ್ಪತ್ತು ದಾಟಿದ ಮೇಲೆ ಅದೇ ಕ್ಯಾಂಟನ್‌ನ ಶಾಲೆಗೆ ಸೇರಿ, ಮುಂದೆ ಸೇಂಟ್ ಓಲಾಫ್ ಕಾಲೇಜಿನಲ್ಲಿ ನಾರ್ವೇಜಿಯನ್ ಪ್ರಾಧ್ಯಾಪಕರಾದರು. ಅವರ 'ಜಯಂಟ್ಸ್ ಇನ್ ದಿ ಅರ್ತ್' ಅಮೆರಿಕದ ವಲಸೆ ಸಾಹಿತ್ಯದ ಶ್ರೇಷ್ಠ ಕಾದಂಬರಿಗಳಲ್ಲಿ ಒಂದು. ಅಮೆರಿಕದಲ್ಲಿ ಕುಳಿತು ಅವರು ಬರೆದದ್ದು ನಾರ್ವೇಜಿಯನ್ ಭಾಷೆಯಲ್ಲಿ. 1924 ಮತ್ತು 1925ರಲ್ಲಿ ನಾರ್ವೆಯಲ್ಲಿ ಅಚ್ಚಾಗಿ, 1927ರಲ್ಲಿ ಇಂಗ್ಲಿಷಿಗೆ ಬಂತು. ನೆಲ ಗೆಲ್ಲುವ ಉತ್ಸಾಹದ ಗಂಡ, ಆ ಬಯಲಿನ ಶೂನ್ಯಕ್ಕೆ ಹೆದರಿ ಮನಸ್ಸು ಕದಡಿದ ಹೆಂಡತಿ ಇವರಿಬ್ಬರ ಕಥೆ ಅದು. ತಾಯ್ನುಡಿ ಹೋದರೆ ಮಕ್ಕಳು ಬೇರಿಲ್ಲದ ಗಿಡವಾಗುತ್ತಾರೆಂಬುದು ರೋಲ್ವಾಗ್ ಅವರ ಕೊರಗು. 1931ರಲ್ಲಿ ಅವರು ತೀರಿಕೊಂಡರು. 1946ರಲ್ಲಿ ಚರ್ಚು ತನ್ನ ಹೆಸರಿನಿಂದ 'ನಾರ್ವೇಜಿಯನ್' ಎಂಬ ಪದವನ್ನು ತೆಗೆಯಿತು. 1972ರಲ್ಲಿ 'ಡೆಕೋರ ಪೋಸ್ಟನ್' ನಿಂತಿತು.

ಇಂದು ಅಮೆರಿಕದಲ್ಲಿ ನಾರ್ವೆ ಮೂಲದವರು ಸುಮಾರು 40 ಲಕ್ಷ ಮಂದಿ ಇದ್ದಾರೆ. ಹಬ್ಬಕ್ಕೆ ಲೆಫ್ಸ ಸುಡುತ್ತಾರೆ, ಮೇ 17ರಂದು ನಾರ್ವೆಯ ಧ್ವಜ ಹಿಡಿದು ಮೆರವಣಿಗೆ ಹೋಗುತ್ತಾರೆ. ಅಜ್ಜ ಬರೆದ ಕಾಗದವನ್ನು ಓದಬಲ್ಲವರು ಮಾತ್ರ ವಿರಳ. ಮಿನೆಸೋಟದ ಕಾಡಿನಲ್ಲಿ 1963ರಿಂದ 'ಸ್ಕೂಗ್‌ಫ್ಯೂರ್ಡನ್' ಎಂಬ ಬೇಸಿಗೆ ಶಿಬಿರ ನಡೆಯುತ್ತಿದೆ. ಅಂಗಡಿ, ಊಟ, ಆಟ ಎಲ್ಲವೂ ಅಲ್ಲಿ ನಾರ್ವೇಜಿಯನ್ ಭಾಷೆಯಲ್ಲೇ. ಮುತ್ತಜ್ಜಿ ಅಡುಗೆಮನೆಯಲ್ಲಿ ಖರ್ಚಿಲ್ಲದೆ ಆಡುತ್ತಿದ್ದ ಮಾತನ್ನು ಮಕ್ಕಳು ಶುಲ್ಕ ಕಟ್ಟಿ, ಮೊದಲ ಪದದಿಂದ ಕಲಿಯುತ್ತಾರೆ.

ಶಾಲೆಯ ಭಾಷೆಯನ್ನು ಕಲಿತದ್ದಕ್ಕೆ ಲಾರೆನ್ಸ್, ಬೋರ್ಲಾಗ್ ಆದರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದಕ್ಕಾಗಿ ಮನೆಯ ಭಾಷೆಯನ್ನು ಬಿಡಲೇಬೇಕಿತ್ತೇ? ನಾರ್ವೇಜಿಯನ್ ಮತ್ತು ಇಂಗ್ಲಿಷ್ ಎರಡನ್ನೂ ಸರಾಗವಾಗಿ ಬಳಸುತ್ತಿದ್ದ ರೋಲ್ವಾಗ್ ಇದಕ್ಕೆ ಉತ್ತರವನ್ನು ಬದುಕಿಯೇ ತೋರಿಸಿದ್ದರು. ಮಕ್ಕಳ ಓದಿನ ಬಗ್ಗೆ ಯೋಚಿಸುವ ತಂದೆತಾಯಿಗಳು ಈ ಎರಡು ಸಂಗತಿಗಳನ್ನೂ ಜೊತೆಯಲ್ಲಿಟ್ಟು ನೋಡುವುದು ಒಳ್ಳೆಯದು.